ಕಾರ್ಖಾನೆಯ ಗೋಡೆಯಾಚೆ

ಪ್ರವೇಶ: ಕುಡಿಯುವ ನೀರನ್ನು ಶುದ್ಧಗೊಳಿಸುವ ಕ್ಲೋರಿನ್, ಹೊಲಕ್ಕೆ ಹಾಕುವ ಗೊಬ್ಬರ, ಮನೆಯ ಕೊಡ ಬಕೆಟ್ಟುಗಳ ಪ್ಲಾಸ್ಟಿಕ್ಕು ಎಲ್ಲವೂ ರಾಸಾಯನಿಕ ಕಾರ್ಖಾನೆಗಳಿಂದಲೇ ಬರುತ್ತವೆ. ಅಲ್ಲಿ ಬಳಸುವ ಕೆಲವು ವಸ್ತುಗಳು ಕೈತಪ್ಪಿದರೆ ಊರಿಗೆ ಊರೇ ನರಳಬೇಕಾಗುತ್ತದೆ. ಅಂಥ ವಸ್ತುಗಳನ್ನು ಹಿಡಿತದಲ್ಲಿಡುವ ಬಗೆಯನ್ನೂ ಅದಕ್ಕಾಗಿ ನಮ್ಮ ದೇಶ ಮಾಡಿಕೊಂಡ ನಿಯಮಗಳನ್ನೂ ಈ ಪಾಠ ಪರಿಚಯಿಸುತ್ತದೆ.

ಅಡುಗೆಮನೆಯ ಪ್ರೆಷರ್ ಕುಕ್ಕರನ್ನು ನೀವೆಲ್ಲರೂ ನೋಡಿದ್ದೀರಿ. ಅದರ ಮುಚ್ಚಳದ ಮೇಲೆ ಒಂದು ತೂಕ ಕುಳಿತಿರುತ್ತದೆ. ಒಳಗಿನ ಆವಿಯ ಒತ್ತಡ ಮಿತಿ ಮೀರಿದಾಗ ಅದು ಮೇಲೆದ್ದು, ಸೀಟಿ ಹೊಡೆದು, ಆವಿಯನ್ನು ಹೊರಗೆ ಬಿಡುತ್ತದೆ. ಅನ್ನದ ಅಗುಳೋ ಬೇಳೆಯ ಸಿಪ್ಪೆಯೋ ಆ ತೂತಿಗೆ ಅಡ್ಡವಾದರೆ? ಒತ್ತಡ ಏರುತ್ತಲೇ ಹೋಗುತ್ತದೆ. ಅದಕ್ಕೆಂದೇ ಮುಚ್ಚಳದ ಇನ್ನೊಂದು ಕಡೆ ಸೇಫ್ಟಿ ವಾಲ್ವ್ ಇರುತ್ತದೆ. ಅದರೊಳಗಿನ, ಬೇಗ ಕರಗುವ ಲೋಹದ ತುಣುಕು ಕಾವು ಹೆಚ್ಚಿದಾಗ ಕರಗಿ ಆವಿಗೆ ಬೇರೆ ದಾರಿ ಮಾಡಿಕೊಡುತ್ತದೆ. ಒಂದು ಕಾವಲು ಸೋತರೆ ಇನ್ನೊಂದಿರಲಿ ಎಂಬುದು ಇದರ ಹಿಂದಿನ ಯೋಚನೆ. ಕರಗಿಹೋದ ವಾಲ್ವಿನ ಜಾಗಕ್ಕೆ ಹೊಸದನ್ನು ಹಾಕಿಸದೆ, ಸಿಕ್ಕಿದ ಲೋಹದ ಚೂರನ್ನು ಬಡಿದು ಕೂರಿಸುವವರೂ ಉಂಟು. ಅಂಥ ಕುಕ್ಕರೂ ನೂರು ದಿನ ಅನ್ನ ಬೇಯಿಸಿಕೊಡುತ್ತದೆ. ಆ ನೂರು ದಿನವೂ ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ.

ರಾಸಾಯನಿಕ ಕಾರ್ಖಾನೆಯ ಸುರಕ್ಷತೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಕಾವಲಿನ ಮೇಲೆ ಕಾವಲು, ಅದರ ಮೇಲೆ ಮತ್ತೊಂದು. ಆದರೆ ಒಂದು ವ್ಯತ್ಯಾಸವಿದೆ. ಕುಕ್ಕರು ಸಿಡಿದರೆ ಅಡುಗೆಮನೆಯಲ್ಲಿದ್ದವರಿಗೆ ಅಪಾಯ. ಕಾರ್ಖಾನೆಯ ವಿಷಾನಿಲ ಹೊರಬಿದ್ದರೆ, ಆ ಕಾರ್ಖಾನೆಯೊಳಗೆ ಒಮ್ಮೆಯೂ ಕಾಲಿಡದವರಿಗೂ ಅಪಾಯ. ಈ ವ್ಯತ್ಯಾಸವನ್ನು ನಮ್ಮ ದೇಶ ಅರಿತದ್ದು ಬಹಳ ದೊಡ್ಡ ಬೆಲೆ ತೆತ್ತು.

ಮಧ್ಯಪ್ರದೇಶದ ರಾಜಧಾನಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಕೀಟನಾಶಕ ಕಾರ್ಖಾನೆಯಿತ್ತು. ಸೆವಿನ್ ಎಂಬ ಕೀಟನಾಶಕವನ್ನು ತಯಾರಿಸಲು ಅಲ್ಲಿ ಮೀಥೈಲ್ ಐಸೊಸಯನೇಟ್ ಎಂಬ ದ್ರವವನ್ನು ಬಳಸುತ್ತಿದ್ದರು. ಇದು 39 ಡಿಗ್ರಿ ಸೆಲ್ಸಿಯಸ್ ಕಾವಿಗೇ ಕುದಿಯುವ ವಸ್ತು. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನಕ್ಕೆ ಅಷ್ಟು ಕಾವು ಸಾಕಷ್ಟು ಸಲ ಬರುತ್ತದೆ. ನೀರು ತಾಗಿದರೆ ಅದು ರಭಸದಿಂದ ಪ್ರತಿಕ್ರಿಯೆಗೆ ತೊಡಗಿ ತಾನೇ ತಾನಾಗಿ ಬಿಸಿಯೇರುತ್ತದೆ. ಅದರ ಆವಿ ಕಣ್ಣನ್ನೂ ಶ್ವಾಸಕೋಶವನ್ನೂ ಸುಡುತ್ತದೆ. ಇಂಥ ದ್ರವವನ್ನು ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ತುಂಬಿಡಲು ಮೂರು ಟ್ಯಾಂಕುಗಳಿದ್ದವು. 1984ರ ಡಿಸೆಂಬರ್ 2ರ ರಾತ್ರಿ ಅವುಗಳಲ್ಲಿ ಇ-610 ಎಂಬ ಟ್ಯಾಂಕಿಗೆ ನೀರು ಸೇರಿತು. ಹೇಗೆ ಸೇರಿತು ಎಂಬುದರ ಬಗ್ಗೆ ಕಂಪನಿಯ ವಾದವೇ ಬೇರೆ, ಬೇರೆಯವರ ತನಿಖೆ ಹೇಳುವುದೇ ಬೇರೆ. ನೀರು ಸೇರಿದ್ದು ಮಾತ್ರ ನಿಜ.

ಆ ಟ್ಯಾಂಕಿಗೆ ಕಾವಲುಗಳಿರಲಿಲ್ಲವೇ? ಇದ್ದವು, ಒಂದಲ್ಲ ಐದು. ಮೊದಲನೆಯದು ದ್ರವವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿಡುವ ಶೀತಲ ಯಂತ್ರ. ಅದನ್ನು ಅದೇ ವರ್ಷದ ಜೂನ್ ತಿಂಗಳಲ್ಲಿ ನಿಲ್ಲಿಸಲಾಗಿತ್ತು. ಎರಡನೆಯದು ಸ್ಕ್ರಬ್ಬರ್, ಅಂದರೆ ಹೊರಬರುವ ಅನಿಲವನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು ನಿರ್ವಿಷಗೊಳಿಸುವ ಗೋಪುರ. ಅದು ಆ ಹೊತ್ತಿನಲ್ಲಿ ಚಾಲನೆಯಲ್ಲಿರಲಿಲ್ಲ. ಇದ್ದಿದ್ದರೂ ಅಷ್ಟೊಂದು ಅನಿಲವನ್ನು ತಾಳುವ ಶಕ್ತಿ ಅದಕ್ಕಿರಲಿಲ್ಲ. ಮೂರನೆಯದು ಉಳಿದ ಅನಿಲವನ್ನು ಸುಟ್ಟುಹಾಕುವ ಉರಿಗೋಪುರ. ಅದಕ್ಕೆ ಹೋಗುವ ಕೊಳವೆಯ ಒಂದು ತುಂಡನ್ನು ದುರಸ್ತಿಗಾಗಿ ಬಿಚ್ಚಿಟ್ಟಿದ್ದರು. ನಾಲ್ಕನೆಯದು ನೀರಿನ ಪರದೆ. ಆ ರಾತ್ರಿ ಕಾರ್ಮಿಕರು ನೀರನ್ನು ಚಿಮ್ಮಿಸಿದರು, ಆದರೆ ಅನಿಲ ಹೊರಬೀಳುತ್ತಿದ್ದ ಎತ್ತರಕ್ಕೆ ನೀರು ಮುಟ್ಟಲಿಲ್ಲ. ಐದನೆಯದು, ಆಪತ್ತು ಬಂದಾಗ ದ್ರವವನ್ನು ಹರಿಸಿಕೊಳ್ಳಲೆಂದು ಖಾಲಿ ಇರಬೇಕಾಗಿದ್ದ ಟ್ಯಾಂಕು. ಅದು ಖಾಲಿ ಇರಲಿಲ್ಲ.

ಸುಮಾರು 40 ಟನ್ನಿನಷ್ಟು ವಿಷ ಮಲಗಿದ್ದ ನಗರದ ಮೇಲೆ ಹರಡಿತು. ಸರ್ಕಾರದ ಮೊದಲ ಲೆಕ್ಕದಲ್ಲಿ ಸತ್ತವರು 2,259. ಮುಂದೆ ಮಧ್ಯಪ್ರದೇಶ ಸರ್ಕಾರ ದೃಢಪಡಿಸಿದ ಸಂಖ್ಯೆ 3,787. ನಂತರದ ವರ್ಷಗಳಲ್ಲಿ ಅದೇ ವಿಷದಿಂದ ಸವೆದು ಸತ್ತವರನ್ನು ಸೇರಿಸಿದರೆ ಲೆಕ್ಕ ಇನ್ನೂ ಬಹಳ ದೊಡ್ಡದು. ಹಾನಿಗೊಳಗಾದವರು ಐದು ಲಕ್ಷಕ್ಕೂ ಹೆಚ್ಚು.

ಯಂತ್ರಗಳ ಕಥೆ ಇಷ್ಟು. ಆದರೆ ಭೋಪಾಲದಲ್ಲಿ ಆರನೆಯ ಕಾವಲೊಂದು ಇರಬಹುದಾಗಿತ್ತು; ಅದಕ್ಕೆ ಯಂತ್ರವೂ ಬೇಕಿರಲಿಲ್ಲ, ಹೆಚ್ಚಿನ ಹಣವೂ ಬೇಕಿರಲಿಲ್ಲ. ಗೋಡೆಯಾಚೆಗಿನ ಜನರಿಗೆ ತಿಳಿವಳಿಕೆ ಕೊಡುವುದೇ ಆ ಕಾವಲು. ಕಾರ್ಖಾನೆಯ ಎದುರಿಗೇ ಜಯಪ್ರಕಾಶ ನಗರವೆಂಬ ಬಡವರ ಬಡಾವಣೆಯಿತ್ತು. ಒಳಗೆ ಏನನ್ನು ತಯಾರಿಸುತ್ತಾರೆ ಎಂದು ಕೇಳಿದರೆ ಹೊಲಕ್ಕೆ ಹೊಡೆಯುವ ಔಷಧಿ ಎಂಬುದಕ್ಕಿಂತ ಹೆಚ್ಚಿನದು ಅಲ್ಲಿನವರಿಗೆ ತಿಳಿದಿರಲಿಲ್ಲ. ಆ ರಾತ್ರಿ ಹೊರಗಿನವರಿಗೆ ಕೇಳಿಸುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಸಣ್ಣಪುಟ್ಟ ಸೋರಿಕೆಗೆಲ್ಲ ಊರವರನ್ನು ಗಾಬರಿಗೊಳಿಸಬಾರದೆಂಬುದು ಕಾರ್ಖಾನೆಯ ಪದ್ಧತಿಯಾಗಿತ್ತು. ಮತ್ತೆ ಸೈರನ್ ಬಿಡದೆ ಕೂಗುವ ಹೊತ್ತಿಗೆ ಬೆಳಗಿನ ಜಾವ ಸುಮಾರು ಎರಡು ಗಂಟೆ. ಆಗಲೂ ಅದರ ಅರ್ಥವೇನೆಂದು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಜನ ಓಡಿದರು. ಓಡುವವನ ಉಸಿರು ಜೋರಾಗುತ್ತದೆ. ಉಸಿರು ಜೋರಾದಷ್ಟೂ ವಿಷ ಒಳಗೆ ಹೋಗುತ್ತದೆ. ಗಾಳಿ ಬೀಸುತ್ತಿದ್ದ ದಿಕ್ಕಿಗೇ ಓಡಿದವರ ಜೊತೆ ಅನಿಲವೂ ಓಡಿತು. ಮೀಥೈಲ್ ಐಸೊಸಯನೇಟಿನ ಆವಿ ಗಾಳಿಗಿಂತ ಭಾರ, ನೆಲಕ್ಕೆ ಹತ್ತಿರವಾಗಿಯೇ ಹರಿಯುತ್ತದೆ. ಆದ್ದರಿಂದ ಮಕ್ಕಳಿಗೆ ಅದು ಹೆಚ್ಚು ತಾಗಿತು. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಒತ್ತಿ ಹಿಡಿದಿದ್ದರೆ, ಗಾಳಿಗೆ ಅಡ್ಡಲಾಗಿ ನಡೆದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಒದ್ದೆ ಬಟ್ಟೆ ಪ್ರತಿ ಮನೆಯಲ್ಲಿಯೂ ಇತ್ತು. ಹಮೀದಿಯಾ ಆಸ್ಪತ್ರೆಯ ವೈದ್ಯರಿಗೂ ಸಾವಿರಾರು ರೋಗಿಗಳು ಬಂದು ಬಿದ್ದಾಗ ಇದು ಯಾವ ಅನಿಲ, ಇದಕ್ಕೆ ಯಾವ ಚಿಕಿತ್ಸೆ ಎಂಬುದು ತಿಳಿದಿರಲಿಲ್ಲ. ಈ ಕತ್ತಲಲ್ಲಿಯೂ ತಮ್ಮ ಬುದ್ಧಿಯಿಂದ ಕೆಲಸ ಮಾಡಿದವರಿದ್ದರು. ಭೋಪಾಲ ರೈಲು ನಿಲ್ದಾಣದ ಉಪ ಸ್ಟೇಷನ್ ಸೂಪರಿಂಟೆಂಡೆಂಟ್ ಗುಲಾಮ್ ದಸ್ತಗೀರ್ ಅವರು ನಿಂತಿದ್ದ ರೈಲನ್ನು ಮೇಲಿನ ಅಪ್ಪಣೆಗೆ ಕಾಯದೆ ಹೊತ್ತಿಗೆ ಮುಂಚೆಯೇ ಹೊರಡಿಸಿ ನೂರಾರು ಪ್ರಯಾಣಿಕರನ್ನು ಉಳಿಸಿದರು. ಅವರ ಆರೋಗ್ಯ ಮಾತ್ರ ಜೀವನವಿಡೀ ಕೆಟ್ಟುಹೋಯಿತು.

ಅಪಾಯ ಯಾರಿಗೂ ತಿಳಿದೇ ಇರಲಿಲ್ಲವೆಂದು ಹೇಳುವಂತಿಲ್ಲ. 1981ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲ ತಾಗಿ ಒಬ್ಬ ಕಾರ್ಮಿಕ ಸತ್ತಿದ್ದನು. 1982ರಲ್ಲಿ ಅಮೆರಿಕದಿಂದ ಬಂದ ಕಂಪನಿಯ ತಜ್ಞರೇ ಹಲವು ಕೊರತೆಗಳನ್ನು ಪಟ್ಟಿ ಮಾಡಿದ್ದರು. ಅದೇ ವರ್ಷ ರಾಜಕುಮಾರ ಕೇಸ್ವಾನಿ ಎಂಬ ಭೋಪಾಲದ ಪತ್ರಕರ್ತರು ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ನಗರಕ್ಕೆ ಕಾದಿರುವ ಗಂಡಾಂತರದ ಬಗ್ಗೆ ಮತ್ತೆ ಮತ್ತೆ ಬರೆದರು. ತಿಳಿದವರು ಹೇಳಿದ್ದರು, ಕೇಳಬೇಕಾದವರು ಕೇಳಲಿಲ್ಲ, ಸಾಯಬೇಕಾದವರಿಗೆ ಅದು ಮುಟ್ಟಲೇ ಇಲ್ಲ.

ಹಾಗಾದರೆ ಇಂಥ ಅಪಾಯವನ್ನು ಮೊದಲೇ ಕಂಡುಕೊಳ್ಳುವುದು ಹೇಗೆ? ಇದಕ್ಕೆ ಎಂಜಿನಿಯರುಗಳು ಬಳಸುವ ಒಂದು ಕ್ರಮ ತಿಳಿಯಲು ಸ್ವಾರಸ್ಯವಾಗಿದೆ. ಬ್ರಿಟನ್ನಿನ ಐ.ಸಿ.ಐ. ಕಂಪನಿಯಲ್ಲಿ ಹುಟ್ಟಿದ ಈ ಕ್ರಮಕ್ಕೆ ಹ್ಯಾಜಾಪ್ ಎಂದು ಹೆಸರು. ಕಾರ್ಖಾನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅದನ್ನು ಕಟ್ಟಿದವರೂ ನಡೆಸುವವರೂ ದುರಸ್ತಿ ಮಾಡುವವರೂ ಒಟ್ಟಿಗೆ ಕೂರುತ್ತಾರೆ. ಒಂದೊಂದು ಕೊಳವೆಯನ್ನೂ ಹಿಡಿದು ಕೆಲವೇ ಪದಗಳಿಂದ ಪ್ರಶ್ನಿಸುತ್ತಾರೆ. ಇದರಲ್ಲಿ ಹರಿವು ಇಲ್ಲವಾದರೆ? ಹೆಚ್ಚಾದರೆ? ಕಡಿಮೆಯಾದರೆ? ಹಿಮ್ಮುಖವಾದರೆ? ಬೇರೆ ಏನಾದರೂ ಸೇರಿಕೊಂಡರೆ? ಪ್ರತಿ ಪ್ರಶ್ನೆಗೂ ಏನಾಗುತ್ತದೆ, ತಡೆಯುವ ಕಾವಲು ಯಾವುದು, ಆ ಕಾವಲು ಕೆಟ್ಟರೆ ಗತಿಯೇನು ಎಂದು ಬರೆದಿಡುತ್ತಾರೆ. ಕೆಲಸ ನಿಧಾನದ್ದು, ಬೇಸರದ್ದು. ಆದರೆ ಟ್ಯಾಂಕಿಗೆ ಹೋಗುವ ಕೊಳವೆಯಲ್ಲಿ ‘ಬೇರೆ ಏನಾದರೂ’ ಎಂದರೆ ನೀರು ಎಂಬ ಉತ್ತರ ಇಂಥ ಮೇಜಿನ ಮುಂದೆ ಸಿಗುವುದು ಮೇಲು, ನಡುರಾತ್ರಿಯಲ್ಲಿ ಸಿಗುವುದಲ್ಲ.

ಇದಕ್ಕಿಂತಲೂ ಮೊದಲಿನ ಪ್ರಶ್ನೆ ಇನ್ನೊಂದಿದೆ: ಇಷ್ಟನ್ನು ಕೂಡಿಡಲೇಬೇಕೇ? ಬ್ರಿಟನ್ನಿನ ರಸಾಯನ ಎಂಜಿನಿಯರ್ ಟ್ರೆವರ್ ಕ್ಲೆಟ್ಜ್ ಅವರು 1970ರ ದಶಕದಿಂದಲೂ ಈ ಪ್ರಶ್ನೆಯನ್ನೇ ಕೇಳುತ್ತಾ ಬಂದರು. ಮೀಥೈಲ್ ಐಸೊಸಯನೇಟ್ ಭೋಪಾಲದ ಕಾರ್ಖಾನೆ ಮಾರುತ್ತಿದ್ದ ಸರಕಲ್ಲ; ಸೆವಿನ್ ತಯಾರಾಗುವ ದಾರಿಯಲ್ಲಿ ನಡುವೆ ಬರುವ ವಸ್ತು. ಬೇಕಾದಾಗ ಬೇಕಾದಷ್ಟನ್ನೇ ತಯಾರಿಸಿ ಕೂಡಲೇ ಬಳಸಿಬಿಟ್ಟಿದ್ದರೆ ಟನ್ನುಗಟ್ಟಲೆ ತುಂಬಿಡುವ ಅಗತ್ಯವೇ ಇರುತ್ತಿರಲಿಲ್ಲ. ಕಾವಲುಗಾರರನ್ನು ಹೆಚ್ಚಿಸುವುದಕ್ಕಿಂತ ಕಾಯಬೇಕಾದದ್ದನ್ನು ಕಡಿಮೆ ಮಾಡುವುದು ಜಾಣತನ ಎಂದೇ ನನ್ನ ಎಣಿಕೆ.

ಇನ್ನು ಕಾಯಿದೆಗಳ ವಿಚಾರ. 1948ರ ಕಾರ್ಖಾನೆಗಳ ಕಾಯಿದೆ ನಮ್ಮಲ್ಲಿ ಮೊದಲೇ ಇತ್ತು. ಆದರೆ ಅದರ ಕಣ್ಣು ಗೋಡೆಯೊಳಗಿನ ಕಾರ್ಮಿಕರ ಮೇಲೆ. ಯಂತ್ರಕ್ಕೆ ಬೇಲಿ ಇದೆಯೇ, ಬೆಳಕು ಗಾಳಿ ಸಾಕಷ್ಟಿದೆಯೇ, ಕುಡಿಯಲು ನೀರಿದೆಯೇ ಎಂಬಂಥ ವಿಷಯಗಳನ್ನು ಅದು ನೋಡಿಕೊಳ್ಳುತ್ತಿತ್ತು. ಭೋಪಾಲದ ದುರಂತಕ್ಕೆ ಸರಿಯಾಗಿ ಒಂದು ವರ್ಷವಾಗಿತ್ತು. 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿ ಒಬ್ಬ ವಕೀಲರು ಮೃತರಾದರು. ಎಂ.ಸಿ. ಮೆಹ್ತಾ ಅವರು ನಡೆಸುತ್ತಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1986ರ ಡಿಸೆಂಬರಿನಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದ ಪೀಠ ಹೇಳಿದ್ದರ ಸಾರ ಇದು: ಅಪಾಯಕಾರಿ ಉದ್ಯಮವನ್ನು ನಡೆಸಿ ಲಾಭ ಪಡೆಯುವವನು ಅದರಿಂದಾದ ಹಾನಿಗೆ ಪೂರ್ಣ ಹೊಣೆ. ನಾನು ಎಲ್ಲ ಎಚ್ಚರಿಕೆ ವಹಿಸಿದ್ದೆ, ಇದು ಆಕಸ್ಮಿಕ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಅದೇ ವರ್ಷ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಒಂದು ಹೊಸ ಅಧ್ಯಾಯವನ್ನೇ ಸೇರಿಸಲಾಯಿತು. ತಾನು ಬಳಸುವ ಅಪಾಯಕಾರಿ ವಸ್ತುಗಳ ವಿವರವನ್ನು ಕಾರ್ಖಾನೆಯವನು ಕಾರ್ಮಿಕರಿಗೆ ಮಾತ್ರವಲ್ಲ, ಸುತ್ತಲಿನ ಸಾರ್ವಜನಿಕರಿಗೂ ತಿಳಿಸಬೇಕೆಂದು ಮೊದಲ ಬಾರಿಗೆ ಅಲ್ಲಿ ಬರೆಯಲಾಯಿತು. ಪ್ರಾಣಾಪಾಯದ ಸುಳಿವು ಕಂಡ ಕಾರ್ಮಿಕನು ಅದನ್ನು ಮೇಲಿನವರ ಗಮನಕ್ಕೆ ತರುವ ಹಕ್ಕನ್ನೂ ಪಡೆದನು. ಹಳೆಯ ಕಾರ್ಮಿಕ ಕಾಯಿದೆಗಳನ್ನು ಒಟ್ಟುಗೂಡಿಸಿ ಸಂಸತ್ತು 2020ರಲ್ಲಿ ಅಂಗೀಕರಿಸಿದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿಯೂ ಈ ಎರಡು ಅಂಶಗಳು ಉಳಿದಿವೆ.

ಎಲ್ಲಕ್ಕಿಂತ ವಿವರವಾದವು 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು. ಇವುಗಳ ಜೀವಾಳವಿರುವುದು ಒಂದು ಪಟ್ಟಿಯಲ್ಲಿ. ಯಾವ ವಸ್ತುವನ್ನು ಎಷ್ಟು ಕೂಡಿಟ್ಟರೆ ಯಾವ ಕರ್ತವ್ಯ ಹೆಗಲೇರುತ್ತದೆ ಎಂಬುದನ್ನು ಅದು ಹೇಳುತ್ತದೆ. ಕ್ಲೋರಿನ್ ದಾಸ್ತಾನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅದು 10 ಟನ್ ಮುಟ್ಟಿದರೆ ಅಧಿಕಾರಿಗಳಿಗೆ ತಿಳಿಸಬೇಕು, ತುರ್ತು ಯೋಜನೆ ಸಿದ್ಧವಿರಬೇಕು. 25 ಟನ್ ಮುಟ್ಟಿದರೆ ಅಪಾಯಗಳನ್ನೆಲ್ಲ ಲೆಕ್ಕ ಹಾಕಿದ ಸುರಕ್ಷತಾ ವರದಿಯನ್ನೂ ಸಲ್ಲಿಸಬೇಕು. ಅಮೋನಿಯಕ್ಕೆ ಈ ಮಿತಿಗಳು 60 ಮತ್ತು 600 ಟನ್. ಅದೇ ಪಟ್ಟಿಯಲ್ಲಿ ಮೀಥೈಲ್ ಐಸೊಸಯನೇಟಿನ ಎದುರಿಗಿರುವ ಅಂಕಿಯನ್ನು ನೋಡಿ: 150 ಕಿಲೋಗ್ರಾಂ. ಭೋಪಾಲದಲ್ಲಿ ಒಂದೇ ರಾತ್ರಿ ಹೊರಬಿದ್ದದ್ದು ಸುಮಾರು 40,000 ಕಿಲೋಗ್ರಾಂ.

ಈ ಬಗೆಯ ಪಟ್ಟಿಯ ಯೋಚನೆ ಯೂರೋಪಿನಲ್ಲಿ ಹುಟ್ಟಿದ್ದು. 1976ರ ಜುಲೈನಲ್ಲಿ ಇಟಲಿಯ ಸೆವೆಸೊ ಎಂಬಲ್ಲಿ ಡಯಾಕ್ಸಿನ್ ವಿಷ ಹರಡಿತು. ಅದು ಯಾವ ವಿಷವೆಂದು ಜನರಿಗೆ ದಿನಗಟ್ಟಲೆ ಗೊತ್ತಾಗಲಿಲ್ಲ. ಆ ಬಳಿಕ 1982ರಲ್ಲಿ ಯೂರೋಪಿನ ದೇಶಗಳು ಒಂದು ನಿರ್ದೇಶನವನ್ನು ಒಪ್ಪಿಕೊಂಡವು. ಅಮೆರಿಕ ಎಚ್ಚರಗೊಂಡದ್ದು ಭೋಪಾಲದ ನಂತರ. 1985ರ ಆಗಸ್ಟಿನಲ್ಲಿ ಅದೇ ಯೂನಿಯನ್ ಕಾರ್ಬೈಡಿನ ವೆಸ್ಟ್ ವರ್ಜೀನಿಯಾದ ಕಾರ್ಖಾನೆಯಲ್ಲಿ ವಿಷ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಮರುವರ್ಷವೇ ಅಲ್ಲಿನ ಸಂಸತ್ತು ನೆರೆಹೊರೆಯವರಿಗೆ ತಿಳಿಯುವ ಹಕ್ಕನ್ನು ಕೊಡುವ ಕಾಯಿದೆಯನ್ನು ಮಾಡಿತು.

ನಮ್ಮ 1989ರ ನಿಯಮಗಳಿಗೆ ಮರಳೋಣ. ಅವು ಎರಡು ಬಗೆಯ ತುರ್ತು ಯೋಜನೆಗಳನ್ನು ಕೇಳುತ್ತವೆ. ಗೋಡೆಯೊಳಗಿನದನ್ನು ಕಾರ್ಖಾನೆಯವನು ಮಾಡಬೇಕು. ಅದರ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ ನಡೆಯಬೇಕು. ಗೋಡೆಯಾಚೆಗಿನದನ್ನು ಸರ್ಕಾರದ ಕಡೆಯ ಅಧಿಕಾರಿಗಳು ಮಾಡಬೇಕು. ಅದರ ತಾಲೀಮು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ದೊಡ್ಡ ಅಪಘಾತ ಸಂಭವಿಸಿದರೆ 48 ಗಂಟೆಯೊಳಗೆ ವರದಿ ಮಾಡಬೇಕು. ಹದಿನೈದನೆಯ ನಿಯಮವನ್ನು ನಾನು ಬೇರೆಲ್ಲವುಗಳಿಗಿಂತ ಮೇಲೆ ಇಡುತ್ತೇನೆ. ಅಪಘಾತವಾದರೆ ಯಾರಿಗೆ ತೊಂದರೆ ತಟ್ಟಬಹುದೋ ಅವರಿಗೆ ಅಪಾಯದ ಸ್ವರೂಪವನ್ನೂ, ಆ ಹೊತ್ತಿನಲ್ಲಿ ಏನು ಮಾಡಬೇಕು ಏನು ಮಾಡಬಾರದು ಎಂಬುದನ್ನೂ ತಿಳಿಸಬೇಕೆಂದು ಅದು ವಿಧಿಸುತ್ತದೆ. ಜಯಪ್ರಕಾಶ ನಗರದವರಿಗೆ ಯಾರೂ ಹೇಳದೆ ಹೋದದ್ದು ಇದನ್ನೇ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ, ತಪ್ಪು ಯಾರದೆಂದು ಸಾಬೀತುಪಡಿಸದೆಯೇ ನೊಂದವರಿಗೆ ತಕ್ಷಣದ ಪರಿಹಾರ ಸಿಗುವಂತೆ ಮಾಡಿತು. 1996ರ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಎಂಬ ನಾಲ್ಕು ಮಟ್ಟಗಳಲ್ಲಿ ಆಪತ್ತು ನಿರ್ವಹಣಾ ಗುಂಪುಗಳನ್ನು ಏರ್ಪಡಿಸಿದವು. ಜಿಲ್ಲೆಯ ಗುಂಪಿಗೆ ಕಲೆಕ್ಟರರೇ ಅಧ್ಯಕ್ಷರು.

ಇಷ್ಟೆಲ್ಲ ನಿಯಮಗಳು ಜಾರಿಗೆ ಬಂದು ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ನಮ್ಮ ಆಂಧ್ರಪ್ರದೇಶದಲ್ಲಿಯೇ ಒಂದು ದುರಂತ ನಡೆಯಿತು. ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯಿತ್ತು. 1961ರಲ್ಲಿ ಬೇರೆ ಹೆಸರಿನಿಂದ ಆರಂಭವಾದಾಗ ಅದು ಊರಿನ ಹೊರಗಿತ್ತು; ಕಾಲಕ್ರಮದಲ್ಲಿ ಊರು ಬೆಳೆದು ಅದನ್ನು ಸುತ್ತುವರಿಯಿತು. ಪ್ಲಾಸ್ಟಿಕ್ ತಯಾರಿಸಲು ಬೇಕಾದ ಸ್ಟೈರೀನ್ ಎಂಬ ದ್ರವವನ್ನು ಅಲ್ಲಿ ದೊಡ್ಡ ಟ್ಯಾಂಕುಗಳಲ್ಲಿ ತುಂಬಿಡುತ್ತಿದ್ದರು. ಸ್ಟೈರೀನಿಗೆ ಒಂದು ವಿಚಿತ್ರ ಗುಣವಿದೆ. ಬಿಸಿಯಾದರೆ ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ; ಹಾಗೆ ಕೊಂಡಿ ಬೀಳುವಾಗ ಇನ್ನಷ್ಟು ಕಾವು ಹುಟ್ಟುತ್ತದೆ; ಆ ಕಾವಿಗೆ ಮತ್ತಷ್ಟು ಕೊಂಡಿ. ಹುಲ್ಲಿನ ಬಣವೆಯೊಳಗೆ ತೇವ ಸೇರಿ ಕಾವೇರಿದ ಹಾಗೆ. ಇದನ್ನು ತಡೆಯಲು ದ್ರವವನ್ನು ತಣ್ಣಗಿಡಬೇಕು, ಟಿ.ಬಿ.ಸಿ. ಎಂಬ ಪ್ರತಿಬಂಧಕವನ್ನು ತಕ್ಕಷ್ಟು ಬೆರೆಸಿಡಬೇಕು.

2020ರ ಮಾರ್ಚ್ ಕೊನೆಯಿಂದ ಕೊರೋನಾ ದಿಗ್ಬಂಧನದ ಕಾರಣ ಕಾರ್ಖಾನೆ ನಿಂತಿತ್ತು. ಮೇ 7ರ ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ಎಂ-6 ಎಂಬ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರನುಗ್ಗಿತು. ರಸ್ತೆಯಲ್ಲಿ ನಡೆಯುತ್ತಿದ್ದವರು ನಡೆಯುತ್ತಿದ್ದಂತೆಯೇ ಕುಸಿದರು. ಹನ್ನೆರಡು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು, ಕಟ್ಟಿಹಾಕಿದ್ದ ದನಗಳು ಕಟ್ಟಿದಲ್ಲೇ ಸತ್ತವು. ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಎರಡು ತಿಂಗಳಲ್ಲಿ ವರದಿ ಕೊಟ್ಟಿತು. ಅದನ್ನು ಓದುವಾಗ ಭೋಪಾಲ ನೆನಪಾಗದೆ ಇರದು. ಶೀತಲ ವ್ಯವಸ್ಥೆ ದಿನದ 24 ಗಂಟೆಯೂ ನಡೆಯುತ್ತಿರಲಿಲ್ಲ. ಪ್ರತಿಬಂಧಕ ಬೇಕಾದ ಪ್ರಮಾಣದಲ್ಲಿರಲಿಲ್ಲ. ಟ್ಯಾಂಕಿನ ಕಾವನ್ನು ತಳದಲ್ಲಿ ಮಾತ್ರ ಅಳೆಯುತ್ತಿದ್ದರು. ಮೇಲ್ಭಾಗ ಕುದಿಯುತ್ತಿದ್ದರೂ ತಳದ ಅಳತೆ ಸುಮ್ಮನೆ ಇತ್ತು. ಸೈರನ್ ಒತ್ತುವ ಗುಂಡಿಗಳು ಕಾರ್ಖಾನೆಯ ಅನೇಕ ಕಡೆ ಇದ್ದವು. ಒಂದನ್ನೂ ಯಾರೂ ಒತ್ತಲಿಲ್ಲ. ಊರವರನ್ನು ಮನೆ ಮನೆಗೆ ಹೋಗಿ ಎಬ್ಬಿಸಿದವರು ಪೊಲೀಸರು. ಟ್ಯಾಂಕನ್ನು ತಣಿಸಲು ಬೇಕಾದ ಪ್ರತಿಬಂಧಕವನ್ನು ಗುಜರಾತಿನ ವಾಪಿಯಿಂದ ವಿಮಾನದಲ್ಲಿ ತರಿಸಬೇಕಾಯಿತು.

ಕಾಗದಗಳೂ ಸರಿಯಿರಲಿಲ್ಲ. ತಯಾರಿಸುತ್ತಿರುವ ಪ್ರಮಾಣಕ್ಕೆ ಬೇಕಾದ ಪರಿಸರ ಅನುಮತಿ ತನ್ನ ಬಳಿ ಇಲ್ಲವೆಂದು ಕಂಪನಿಯೇ 2019ರಲ್ಲಿ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿತ್ತು. ಬರೆದುಕೊಟ್ಟ ಮೇಲೂ ಕಾರ್ಖಾನೆ ನಡೆಯುತ್ತಲೇ ಇತ್ತು. ಆದರೆ ಕಾಗದ ಸರಿಯಿದ್ದ ಮಾತ್ರಕ್ಕೆ ಟ್ಯಾಂಕು ತಣ್ಣಗಿರುತ್ತಿತ್ತೇ ಎಂಬ ಪ್ರಶ್ನೆಯೂ ಉಳಿಯುತ್ತದೆ. ತಪಾಸಣೆಗೆ ಬರುವ ಅಧಿಕಾರಿಗೆ ತೋರಿಸಲೆಂದು ಬರೆದ ತುರ್ತು ಯೋಜನೆ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಅಣಕು ಕಾರ್ಯಾಚರಣೆಯನ್ನು ಹಗಲು ಹನ್ನೊಂದು ಗಂಟೆಗೆ, ಎಲ್ಲರಿಗೂ ಮೊದಲೇ ತಿಳಿಸಿ, ಫೋಟೋ ತೆಗೆಸಿ ಮುಗಿಸಿಬಿಡಬಹುದು. ನಿಯಮದ ಅಕ್ಷರ ಪಾಲನೆಯಾಯಿತು. ಭೋಪಾಲವಾಗಲಿ ವಿಶಾಖಪಟ್ಟಣವಾಗಲಿ, ಅನಿಲ ಬಂದದ್ದು ರಾತ್ರಿ ಪಾಳಿಯಲ್ಲಿ. ನೆರೆಯ ಬೀದಿಯ ಅಜ್ಜಿಯೊಬ್ಬಳನ್ನು ನಿಲ್ಲಿಸಿ, ‘ಅಜ್ಜೀ, ಸೈರನ್ ಬಿಡದೆ ಕೂಗಿದರೆ ಏನು ಮಾಡುತ್ತೀರಿ?’ ಎಂದು ಕೇಳಿ ನೋಡಬೇಕು. ಆಕೆ ತಡವರಿಸದೆ ಉತ್ತರ ಕೊಟ್ಟರೆ ಆ ಊರಿನಲ್ಲಿ ಹದಿನೈದನೆಯ ನಿಯಮ ಪಾಲನೆಯಾಗಿದೆ ಎಂದು ತಿಳಿಯಬಹುದು. ಇದಕ್ಕಿಂತ ನಂಬಿಕೆಯ ತಪಾಸಣೆ ನನಗೆ ತೋರುವುದಿಲ್ಲ.

ಆ ಉತ್ತರ ಏನಿರಬೇಕು? ಮೊದಲು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಬೇಕು. ಕಾರ್ಖಾನೆಗಳ ಎತ್ತರದ ಕಂಬದ ಮೇಲೆ ಬಟ್ಟೆಯ ಉದ್ದನೆಯ ಚೀಲವೊಂದು ಹಾರಾಡುವುದು ಇದಕ್ಕಾಗಿಯೇ. ಅದಿಲ್ಲದಿದ್ದರೆ ಹೊಗೆ ಹೋಗುವ ದಿಕ್ಕು, ಮರದ ಎಲೆ, ಒಂದು ಹಿಡಿ ಮಣ್ಣಿನ ಧೂಳು ಸಾಕು. ಹೊಲದಲ್ಲಿ ಧಾನ್ಯ ತೂರುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅನಿಲದ ಜೊತೆಗೆ ಓಡದೆ, ಗಾಳಿಗೆ ಅಡ್ಡಲಾಗಿ ಸರಿದು ಅದರ ದಾರಿಯಿಂದ ಪಕ್ಕಕ್ಕೆ ಹೋಗಬೇಕು. ಮೂಗು ಬಾಯಿಗೆ ಒದ್ದೆ ಬಟ್ಟೆ ಹಿಡಿಯಬೇಕು. ಕ್ಲೋರಿನ್ನಿನಂಥ ಭಾರವಾದ ಅನಿಲವಾದರೆ ತಗ್ಗಿನಲ್ಲಿ ನಿಲ್ಲದೆ ಎತ್ತರಕ್ಕೆ ಹೋಗಬೇಕು. ಹೊರಗೆ ಹೋಗಲು ಹೊತ್ತಿಲ್ಲದಿದ್ದರೆ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ ಒಳಗೇ ಇರಬೇಕು.

ರಾಯದುರ್ಗ, ಮಡಕಶಿರಾ, ಆದೋನಿಯ ಕಡೆಯವರಾದ ನಮಗೆ ಇದೆಲ್ಲ ಏಕೆ, ವಿಶಾಖಪಟ್ಟಣ ಎಲ್ಲಿ ನಾವೆಲ್ಲಿ ಎಂದು ನೀವು ಕೇಳಬಹುದು. ನೀರು ಶುದ್ಧೀಕರಿಸುವ ಕಡೆ ಕ್ಲೋರಿನ್ ಉರುಳೆಗಳಿರಬಹುದು. ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಅಮೋನಿಯ ಇರಬಹುದು. ಅದು 60 ಟನ್ನಿಗಿಂತ ಕಡಿಮೆ ಎಂದು 1989ರ ಪಟ್ಟಿ ಅದನ್ನು ಬಿಟ್ಟಿರಬಹುದು, ಆದರೆ ಸೋರಿದ ಅಮೋನಿಯ ಪಟ್ಟಿಯನ್ನು ಓದಿಕೊಂಡು ಬರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಹೆದ್ದಾರಿಗಳಿವೆ. ಬೆಂಗಳೂರು ಹೈದರಾಬಾದುಗಳ ನಡುವೆ ಅನಂತಪುರ, ಪೆನುಕೊಂಡಗಳ ಮೇಲಿಂದ ಟ್ಯಾಂಕರ್ ಲಾರಿಗಳು ಹಗಲು ರಾತ್ರಿ ಓಡಾಡುತ್ತವೆ. ಗೋಡೆಯೇ ಇಲ್ಲದ ಕಾರ್ಖಾನೆಗಳು ಇವು.

ಈ ಟ್ಯಾಂಕರುಗಳ ಎರಡು ಪಕ್ಕ ಮತ್ತು ಹಿಂಭಾಗದಲ್ಲಿ ಒಂದು ಫಲಕವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅದರಲ್ಲಿ ವಸ್ತುವಿನ ಹೆಸರು, ಅದಕ್ಕೆ ವಿಶ್ವಸಂಸ್ಥೆ ಕೊಟ್ಟ ನಾಲ್ಕಂಕಿಯ ಸಂಖ್ಯೆ, ಅಪಾಯದ ಚಿತ್ರ, ತುರ್ತು ದೂರವಾಣಿ ಸಂಖ್ಯೆ ಇರುತ್ತವೆ. 1203 ಎಂದರೆ ಪೆಟ್ರೋಲು, 1075 ಎಂದರೆ ಅಡುಗೆ ಅನಿಲ, 1017 ಎಂದರೆ ಕ್ಲೋರಿನ್. ಫಲಕದಲ್ಲಿಯೇ ಒಂದು ಅಂಕಿ ಮತ್ತು ಒಂದೆರಡು ಅಕ್ಷರಗಳ ಸಂಕೇತವೂ ಇರುತ್ತದೆ. ಅದರ ಮೊದಲ ಅಂಕಿ 1 ಇದ್ದರೆ ನೀರಿನ ಧಾರೆ, 2 ಇದ್ದರೆ ನೀರಿನ ತುಂತುರು, 3 ಇದ್ದರೆ ನೊರೆ, 4 ಇದ್ದರೆ ನೀರು ತಾಗಿಸದೆ ಒಣ ವಸ್ತು ಬಳಸಬೇಕು. ಕೊನೆಯಲ್ಲಿ ‘ಇ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ಬಗ್ಗೆ ಯೋಚಿಸಬೇಕೆಂದು ಅರ್ಥ. ಪೆಟ್ರೋಲು ಟ್ಯಾಂಕರುಗಳ ಮೇಲೆ 3 ಮತ್ತು ‘ವೈ ಇ’ ಎಂದು ಬರೆದಿರುವುದನ್ನು ನೋಡಬಹುದು. ಲಾರಿ ಮಗುಚಿತೆಂದು ಕೊಡ ಹಿಡಿದು ಓಡುವ ಜನರ ನಡುವೆ, ದೂರದಲ್ಲಿಯೇ ನಿಂತು ಆ ಫಲಕವನ್ನು ಓದಿ, 101ಕ್ಕೋ 112ಕ್ಕೋ ಕರೆ ಮಾಡಿ ನಾಲ್ಕು ಅಂಕಿಗಳನ್ನು ಹೇಳಬಲ್ಲ ವಿದ್ಯಾರ್ಥಿಯೊಬ್ಬ ಇದ್ದರೆ, ಅಗ್ನಿಶಾಮಕ ದಳದವರು ನೀರು ಒಯ್ಯಬೇಕೋ ನೊರೆ ಒಯ್ಯಬೇಕೋ ಎಂಬುದನ್ನು ಠಾಣೆಯಿಂದ ಹೊರಡುವ ಮೊದಲೇ ತಿಳಿಯುತ್ತಾರೆ.

ಅಭ್ಯಾಸ

ಅ) ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿರಿ.
1. ಇ-610 ಟ್ಯಾಂಕಿಗಿದ್ದ ಐದು ಕಾವಲುಗಳು ಯಾವುವು? ಪ್ರತಿಯೊಂದೂ ಏಕೆ ಕೆಲಸಕ್ಕೆ ಬರಲಿಲ್ಲ?
2. ಭೋಪಾಲದಲ್ಲಿ ‘ಆರನೆಯ ಕಾವಲು’ ಎಂದು ಲೇಖಕರು ಯಾವುದನ್ನು ಕರೆಯುತ್ತಾರೆ?
3. 1987ರ ತಿದ್ದುಪಡಿಯಿಂದ ಕಾರ್ಮಿಕರಿಗೂ ನೆರೆಯವರಿಗೂ ದೊರೆತ ಹಕ್ಕುಗಳನ್ನು ವಿವರಿಸಿರಿ.
4. ‘ಗೋಡೆಯೇ ಇಲ್ಲದ ಕಾರ್ಖಾನೆಗಳು’ ಎಂಬ ಮಾತಿನ ಸ್ವಾರಸ್ಯವೇನು?

ಆ) ಚರ್ಚಿಸಿರಿ.
ನಿಯಮದ ಅಕ್ಷರವನ್ನು ಪಾಲಿಸಿಯೂ ಅದರ ಉದ್ದೇಶವನ್ನು ಮರೆಯುವುದು ಹೇಗೆ ಸಾಧ್ಯ? ನಿಮ್ಮ ಸುತ್ತಲಿನ ಉದಾಹರಣೆಗಳನ್ನು ಕೊಡಿರಿ.

ಇ) ಮಾಡಿ ನೋಡಿರಿ.
ಹಿರಿಯರ ಜೊತೆ ಸುರಕ್ಷಿತ ಸ್ಥಳದಲ್ಲಿ ನಿಂತು, ರಸ್ತೆಯಲ್ಲಿ ಹೋಗುವ ಟ್ಯಾಂಕರುಗಳ ಫಲಕಗಳಲ್ಲಿರುವ ಸಂಖ್ಯೆಗಳನ್ನು ಬರೆದುಕೊಳ್ಳಿರಿ. ಅವು ಯಾವ ವಸ್ತುಗಳೆಂದು ವಿಜ್ಞಾನದ ಅಧ್ಯಾಪಕರಿಂದ ಕೇಳಿ ತಿಳಿಯಿರಿ.